ಮೂವತ್ತು ಕಾಳಿನ ಜೀನ್: ನೆಲದ ಮೇಲೆ ಕೂತು ಪ್ರೋಟೀನ್ ಪೋಣಿಸುವ ಬಗೆ

ಹೋದ ಬೇಸಿಗೆಯಲ್ಲಿ ಅಕ್ಕನ ಮಗಳು ಕಲಬುರಗಿಗೆ ನಮ್ಮ ಮನೆಗೆ ಬಂದಿದ್ದಳು. ದ್ವಿತೀಯ ಪಿಯುಸಿಗೆ ಕಾಲಿಡುವವಳು, ನೀಟ್ ಕೋಚಿಂಗ್ ಆಗಲೇ ಶುರುವಾಗಿತ್ತು. ಕೋಡಾನ್ ಅಂದರೆ ಮೂರು ಅಕ್ಷರದ ಗುಂಪು; ಯಾವ ಕೋಡಾನಿಗೆ ಯಾವ ಅಮೈನೋ ಆಮ್ಲ ಎಂದು ಹೇಳುವ ಪಟ್ಟಿಯ 64 ಮನೆಗಳನ್ನೂ ಮಗ್ಗಿ ಒಪ್ಪಿಸಿದ ಹಾಗೆ ಹೇಳುತ್ತಿದ್ದಳು. ಆದರೆ ಒಂದು ಡಿಎನ್‌ಎ ಸಾಲು ಬರೆದುಕೊಟ್ಟು "ಇದರಿಂದ ಯಾವ ಪ್ರೋಟೀನ್ ಬರುತ್ತೆ ಹೇಳು" ಅಂದರೆ ಪೆನ್ನು ಕಚ್ಚುತ್ತಾ ಕೂತಳು. ಎಲ್ಲಿಂದ ಎಣಿಸಬೇಕು, ಯಾವ ಎಳೆಯನ್ನು ಓದಬೇಕು ಅನ್ನೋದೇ ಗೊತ್ತಿರಲಿಲ್ಲ.

ತಪ್ಪು ಅವಳದಲ್ಲ. ಪಟ್ಟಿ ಪುಸ್ತಕದಲ್ಲಿ ಇದ್ದೇ ಇರುತ್ತೆ. ಕಲಿಯಬೇಕಾದದ್ದು ಎಣಿಸುವ ರೀತಿ. ಅದು ಕಣ್ಣಿಗಿಂತ ಬೆರಳಿಗೆ ಬೇಗ ಬರುತ್ತೆ. ಹಾಗಾಗಿ ಅಡುಗೆಮನೆಯ ಡಬ್ಬಿಗಳನ್ನು ಹೊರಗೆ ತಂದೆವು. ಒಂದು ಮಧ್ಯಾಹ್ನ ಸಾಕು, ನೀವೂ ಮಾಡಿ ನೋಡಿ.

ಸಾಮಾನು

ಐದು ಬಗೆಯ ಕಾಳು ಬೇಕು: ಅಲಸಂದಿ, ತೊಗರಿ, ಜೋಳ, ಸಜ್ಜೆ, ಕರಿ ಉದ್ದು. ಡಿಎನ್‌ಎಯಲ್ಲಿ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರ. ಅಲಸಂದಿ ಎ, ತೊಗರಿ ಟಿ, ಜೋಳ ಜಿ, ಸಜ್ಜೆ ಸಿ. ಆರ್‌ಎನ್‌ಎಯಲ್ಲಿ ಟಿ ಇರುವುದಿಲ್ಲ, ಅದರ ಜಾಗದಲ್ಲಿ ಯು ಬರುತ್ತೆ. ಅದಕ್ಕೆ ಉದ್ದು. ಹೆಸರುಗಳೇ ಹೊಂದುತ್ತವೆ, ಬೇರೆ ನೆನಪಿಡುವ ಕೆಲಸವಿಲ್ಲ. ಕೆಳಗೆ ಸಾಲು ಬರೆಯುವಾಗ ಸುಮ್ನೆ ಅ, ತ, ಜ, ಸ, ಉ ಎಂದು ಬರೆಯುತ್ತೇನೆ.

ಲೆಕ್ಕ ಹೀಗಿದೆ: ಅಲಸಂದಿ 22, ತೊಗರಿ 15, ಜೋಳ 24, ಸಜ್ಜೆ 21, ಉದ್ದು 8. ತಪ್ಪು ಮಾಡಿ ನೋಡಲು ಇನ್ನೂ ನಾಲ್ಕಾರು ಕಾಳು ಪಕ್ಕಕ್ಕಿರಲಿ. ತೊಗರಿಗಂತೂ ನಮ್ಮಲ್ಲಿ ಬರವಿಲ್ಲ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಜೊತೆಗೆ ಒಂಬತ್ತು ಬಣ್ಣದ ಹತ್ತು ಗುಂಡಿ (ಟೇಲರ್ ಅಂಗಡಿಯಲ್ಲಿ ಕೇಳಿದರೆ ಹಿಡಿ ತುಂಬ ಕೊಡುತ್ತಾರೆ), ದಪ್ಪ ದಾರ, ಹತ್ತು ಚೀಟಿ, ಪಿನ್ನು, ಒಂದು ಸೀಮೆಸುಣ್ಣ.

ನಮ್ಮ ಮನೆಯದು ಶಹಾಬಾದಿ ಕಲ್ಲಿನ ನೆಲ. ಅದರ ಮೇಲೆ ಕರಿ ಉದ್ದು ಕಾಣುವುದೇ ಇಲ್ಲ. ಹಳೇ ಬಿಳಿ ಚಾದರ ಹಾಸಿಕೊಳ್ಳಿ. ನಾವು ಮೊದಲು ಪೇಪರ್ ಹಾಸಿ ಕೆಟ್ಟೆವು, ಅದರ ಕಥೆ ಆಮೇಲೆ ಬರುತ್ತೆ.

ಅವ್ವ ಬಾಗಿಲಲ್ಲಿ ನಿಂತು ನೋಡಿ, "ಕಾಳು ಕಲಸಿಟ್ರ ನೀವೇ ಕೂತು ಹಸನ ಮಾಡ್ಬೇಕು ನೋಡ್ರಿ" ಅಂದಳು. ಆಮೇಲೆ ಅವಳೂ ಬಂದು ಕೂತಳು. ಅವಳಿಗೂ ಒಂದು ಕೆಲಸ ಇದೆ.

ಜೋಡಿ ಸಾಲು ಹಾಸಿ

ನಾವು ಹಾಸುವುದು ಕಟ್ಟುಕಥೆಯ ಸಾಲಲ್ಲ, ನಿಮ್ಮ ನಮ್ಮೆಲ್ಲರ ಮೈಯಲ್ಲಿರುವ ಜೀನ್. ರಕ್ತದ ಹಿಮೋಗ್ಲೋಬಿನ್‌ನಲ್ಲಿ ಎರಡು ಆಲ್ಫಾ, ಎರಡು ಬೀಟಾ ಸರಪಳಿಗಳಿವೆ. ಬೀಟಾ ಸರಪಳಿಯ ಜೀನ್ 11ನೇ ಕ್ರೋಮೋಸೋಮಿನಲ್ಲಿದೆ. ಅದರಲ್ಲಿ ಪ್ರೋಟೀನಿನ ಮಾತು ಶುರುವಾಗುವ ಜಾಗದ ಮೊದಲ 30 ಅಕ್ಷರ ಇವು:

ಅತಜ ಜತಜ ಸಅತ ಸತಜ ಅಸತ ಸಸತ ಜಅಜ ಜಅಜ ಅಅಜ ತಸತ

ಮೂರು ಮೂರು ಬಿಡಿಸಿ ಬರೆದದ್ದು ಓದಲು ಸುಲಭವಾಗಲಿ ಅಂತ. ಜೀವಕೋಶದಲ್ಲಿ ಈ ಬಿಡುವು ಇಲ್ಲ. ಕಾಳುಗಳನ್ನು ಒತ್ತೊತ್ತಾಗಿ, ಬಿಡುವಿಲ್ಲದೆ ಇಡಿ. ಎಡತುದಿಯಲ್ಲಿ ಸೀಮೆಸುಣ್ಣದಿಂದ 5, ಬಲತುದಿಯಲ್ಲಿ 3 ಎಂದು ಬರೆಯಿರಿ. ಡಿಎನ್‌ಎ ಎಳೆಗೆ ದಿಕ್ಕಿದೆ, ಈ ಅಂಕಿಗಳು ಆ ದಿಕ್ಕಿನ ಗುರುತು.

ಈಗ ಕೆಳಗೆ ಜೋಡಿ ಸಾಲು. ಅಲಸಂದಿ ಎದುರು ಯಾವಾಗಲೂ ತೊಗರಿ, ಜೋಳದ ಎದುರು ಯಾವಾಗಲೂ ಸಜ್ಜೆ. ಹೀಗೆ ಬರಬೇಕು:

ತಅಸ ಸಅಸ ಜತಅ ಜಅಸ ತಜಅ ಜಜಅ ಸತಸ ಸತಸ ತತಸ ಅಜಅ

ಈ ಸಾಲಿನ ದಿಕ್ಕು ಉಲ್ಟಾ: ಎಡಕ್ಕೆ 3, ಬಲಕ್ಕೆ 5.

ನಕಲು ತೆಗೆಯಿರಿ

ಡಿಎನ್‌ಎ ನ್ಯೂಕ್ಲಿಯಸ್ ಬಿಟ್ಟು ಹೊರಗೆ ಬರುವುದಿಲ್ಲ. ಹೊಲದ ಮೂಲ ಪತ್ರವನ್ನು ಯಾರೂ ಬ್ಯಾಂಕಿಗೆ ಬಿಟ್ಟು ಬರುವುದಿಲ್ಲ ಅಲ್ವಾ, ಜೆರಾಕ್ಸ್ ಕೊಡುತ್ತೇವೆ. ಇಲ್ಲಿ ಜೆರಾಕ್ಸ್ ಅಂದರೆ ಮೆಸೆಂಜರ್ ಆರ್‌ಎನ್‌ಎ. ತೆಗೆಯುವುದು ಆರ್‌ಎನ್‌ಎ ಪಾಲಿಮರೇಸ್ ಎಂಬ ಕಿಣ್ವ.

ಎರಡೂ ಸಾಲನ್ನು ದೂರ ಸರಿಸಿ, ನಡುವೆ ಒಂದು ಗೇಣು ಜಾಗ ಮಾಡಿ. ಈಗ ಕೆಳಗಿನ ಸಾಲನ್ನು ನೋಡುತ್ತಾ, ಎಡದಿಂದ ಒಂದೊಂದೇ ಜೋಡಿ ಕಾಳು ನಡುವೆ ಇಡುತ್ತಾ ಬನ್ನಿ. ತೊಗರಿ ಕಂಡರೆ ಅಲಸಂದಿ, ಸಜ್ಜೆ ಕಂಡರೆ ಜೋಳ, ಜೋಳ ಕಂಡರೆ ಸಜ್ಜೆ. ಅಲಸಂದಿ ಕಂಡಾಗ ಕೈ ತಾನಾಗಿ ತೊಗರಿ ಡಬ್ಬಿಗೆ ಹೋಗುತ್ತೆ. ತಡೆಯಿರಿ. ಇದು ಆರ್‌ಎನ್‌ಎ, ಇಲ್ಲಿ ಉದ್ದು.

ಅಉಜ ಜಉಜ ಸಅಉ ಸಉಜ ಅಸಉ ಸಸಉ ಜಅಜ ಜಅಜ ಅಅಜ ಉಸಉ

ಮೇಲಿನ ಸಾಲಿಗೆ ಹೋಲಿಸಿ ನೋಡಿ. ತೊಗರಿ ಇದ್ದಲ್ಲೆಲ್ಲ ಉದ್ದು ಬಂದಿದೆ, ಉಳಿದದ್ದೆಲ್ಲ ಅದೇ. ಪರೀಕ್ಷೆಯಲ್ಲಿ ಮಕ್ಕಳು ಅಂಕ ಕಳೆದುಕೊಳ್ಳುವುದು ಇಲ್ಲೇ. ನಕಲು ಆಗುವುದು ಕೆಳಗಿನ ಅಚ್ಚು ಎಳೆಯಿಂದ. ಆದರೆ ಬರುವ ನಕಲು ಮೇಲಿನ ಎಳೆಯ ಹಾಗೆ ಕಾಣುತ್ತೆ. ಅದಕ್ಕೇ ಮೇಲಿನದನ್ನು ಕೋಡಿಂಗ್ ಎಳೆ ಅಂತಾರೆ. ಪ್ರಶ್ನೆಯಲ್ಲಿ ಕೋಡಿಂಗ್ ಎಳೆ ಕೊಟ್ಟರೆ ಟಿ ಬದಲು ಯು ಹಾಕಿ, ಮುಗೀತು. ಅಚ್ಚು ಎಳೆ ಕೊಟ್ಟರೆ ಮಾತ್ರ ಜೋಡಿ ಹುಡುಕುವ ಕೆಲಸ. ಬಿದರಿ ಕೆಲಸ ನೋಡಿದವರಿಗೆ ಇದನ್ನು ಹೇಳಬೇಕಿಲ್ಲ: ಅಚ್ಚಿನಲ್ಲಿ ತಗ್ಗು ಇದ್ದಲ್ಲಿ ಪಾತ್ರೆಯಲ್ಲಿ ಉಬ್ಬು ಬರುತ್ತೆ.

ಇಲ್ಲಿ ಒಂದು ಹಂತವನ್ನು ನಾವು ಹಾರಿಸಿದ್ದೇವೆ. ಈ ಜೀನ್ ಸುಮಾರು 1,600 ಅಕ್ಷರ ಉದ್ದ, ನಡುವೆ ಪ್ರೋಟೀನಿಗೆ ಬೇಡವಾದ ಎರಡು ತುಂಡುಗಳಿವೆ. ಕೋಶವು ನ್ಯೂಕ್ಲಿಯಸ್‌ನಲ್ಲೇ ಅವನ್ನು ನಕಲಿನಿಂದ ಕತ್ತರಿಸಿ, ಉಳಿದ ಮೂರು ತುಂಡು ಸೇರಿಸಿ ಹೊಲಿದು, ತಲೆಗೊಂದು ಟೋಪಿ, ಹಿಂದೆ ಅಲಸಂದಿಗಳದ್ದೇ ಒಂದು ಉದ್ದ ಬಾಲ ಹಚ್ಚಿ ಹೊರಗೆ ಕಳಿಸುತ್ತದೆ. ನಮ್ಮ 30 ಕಾಳು ಮೊದಲ ತುಂಡಿನ ಒಳಗೇ ಇರುವುದರಿಂದ ಕತ್ತರಿ ಬೇಕಾಗಲಿಲ್ಲ.

ಮೂರೇ ಏಕೆ?

ಹುಡುಗಿ ಕೇಳಿದ ಮೊದಲ ಒಳ್ಳೇ ಪ್ರಶ್ನೆ ಇದು. ಪ್ರೋಟೀನ್ ಕಟ್ಟುವ ಅಮೈನೋ ಆಮ್ಲಗಳು 20. ಕಾಳು ನಾಲ್ಕು ಬಗೆ. ಒಂದೊಂದೇ ಕಾಳು ಒಂದು ಮಾತಾದರೆ ನಾಲ್ಕೇ ಮಾತು. ಎರಡೆರಡು ಸೇರಿದರೆ 16, ಇನ್ನೂ ನಾಲ್ಕು ಕಡಿಮೆ. ಮೂರು ಮೂರು ಸೇರಿದರೆ 64. ಸಾಕಾಗಿ ಉಳಿಯುತ್ತೆ.

ಇದು ಬರೀ ಲೆಕ್ಕ. ಸಾಕ್ಷಿ ಬೇಕಲ್ಲ? ಪಂಜಾಬಿನ ರಾಯಪುರ ಎಂಬ ಹಳ್ಳಿಯಲ್ಲಿ 1922ರಲ್ಲಿ ಹುಟ್ಟಿದ ವಿಜ್ಞಾನಿ ಹರಗೋಬಿಂದ್ ಖೊರಾನಾ ಮಾಡಿದ ಕೆಲಸವನ್ನು ನೀವು ಚಾದರದ ಮೇಲೇ ಮಾಡಬಹುದು. ಉದ್ದು, ಸಜ್ಜೆ, ಉದ್ದು, ಸಜ್ಜೆ ಎಂದು ಒಂದು ಉದ್ದ ಸಾಲು ಹಾಸಿ. ಎರಡೆರಡು ಎಣಿಸಿದರೆ ಉಸ, ಉಸ, ಉಸ. ಒಂದೇ ಮಾತು, ಹಾಗಾಗಿ ಒಂದೇ ಅಮೈನೋ ಆಮ್ಲ ಬರಬೇಕು. ನಾಲ್ಕು ನಾಲ್ಕು ಎಣಿಸಿದರೂ ಹಾಗೇ. ಮೂರು ಮೂರು ಎಣಿಸಿ: ಉಸಉ, ಸಉಸ, ಉಸಉ, ಸಉಸ. ಎರಡು ಮಾತು, ಒಂದಾದ ಮೇಲೊಂದು. ಖೊರಾನಾ ಅವರಿಗೆ ಸಿಕ್ಕಿದ್ದು ಸೀರೀನ್, ಲ್ಯೂಸೀನ್, ಸೀರೀನ್, ಲ್ಯೂಸೀನ್. ಅಂದರೆ ಗುಂಪು ಬೆಸ ಸಂಖ್ಯೆಯದೇ.

ಅದಕ್ಕೂ ಮುಂಚೆ 1961ರಲ್ಲಿ ಮಾರ್ಷಲ್ ನಿರೆನ್‌ಬರ್ಗ್ ಮತ್ತು ಹೈನ್ರಿಕ್ ಮಥೈ ಬರೀ ಉದ್ದಿನ ಸಾಲು ಹಾಕಿ ಬರೀ ಫಿನೈಲ್‌ಅಲನಿನ್ ಸರಪಳಿ ಪಡೆದಿದ್ದರು. ಪಟ್ಟಿಯ ಮೊದಲ ಮನೆ ತುಂಬಿದ್ದು ಹಾಗೆ. 1968ರ ನೊಬೆಲ್ ಪ್ರಶಸ್ತಿಯನ್ನು ನಿರೆನ್‌ಬರ್ಗ್, ಖೊರಾನಾ ಮತ್ತು ರಾಬರ್ಟ್ ಹಾಲಿ ಹಂಚಿಕೊಂಡರು. ಮಕ್ಕಳಿಗೆ ಪಟ್ಟಿ ಉರು ಹೊಡೆಸುವ ಮೊದಲು ಈ ಉದ್ದು-ಸಜ್ಜೆ ಆಟ ಒಮ್ಮೆ ಆಡಿಸಿದರೆ ಎಷ್ಟೋ ಒಳ್ಳೇದು ಅಂತ ನನಗನ್ನಿಸುತ್ತೆ.

ಚೀಟಿಗೆ ಗುಂಡಿ ಚುಚ್ಚಿ

ಇದು ಅವ್ವನ ಪಾಲಿನ ಕೆಲಸ. ಪ್ರತಿ ಕೋಡಾನಿಗೂ ಒಂದು ಚೀಟಿ. ಚೀಟಿಯ ಕೆಳಗೆ ಆ ಕೋಡಾನಿನ ಜೋಡಿ ಅಕ್ಷರಗಳು, ಮೇಲೆ ಪಿನ್ನಿನಲ್ಲಿ ಒಂದು ಗುಂಡಿ, ಅಂದರೆ ಒಂದು ಅಮೈನೋ ಆಮ್ಲ. ಅಉಜ ಎಂಬ ಕೋಡಾನಿಗೆ ಉಅಸ ಎಂಬ ಚೀಟಿ, ಗುಂಡಿ ಮೆಥಿಯೋನೀನ್. ಈ ಚೀಟಿಯೇ ಟ್ರಾನ್ಸ್‌ಫರ್ ಆರ್‌ಎನ್‌ಎ. ನಮಗೆ ಬೇಕಾದ ಹತ್ತು ಹೀಗಿವೆ: ಅಉಜ ಮೆಥಿಯೋನೀನ್, ಜಉಜ ವ್ಯಾಲೀನ್, ಸಅಉ ಹಿಸ್ಟಿಡೀನ್, ಸಉಜ ಲ್ಯೂಸೀನ್, ಅಸಉ ಥ್ರಿಯೋನೀನ್, ಸಸಉ ಪ್ರೋಲೀನ್, ಜಅಜ ಗ್ಲುಟಾಮಿಕ್ ಆಮ್ಲ (ಇದು ಎರಡು), ಅಅಜ ಲೈಸೀನ್, ಉಸಉ ಸೀರೀನ್.

ಅವ್ವನಿಗೆ ಓದಿ ಹೇಳಿದರೆ ಸಾಕು, ಚುಚ್ಚುತ್ತಾ ಹೋದಳು. ಒಂದು ಕಡೆ ಕೆಂಪು ಗುಂಡಿಯ ಬದಲು ನೀಲಿ ಹಾಕಿದ್ದಳು, ಪ್ರೋಲೀನ್ ಜಾಗದಲ್ಲಿ ಲೈಸೀನ್. ಚೀಟಿ ಕಾಳಿಗೆ ಸರಿಯಾಗಿ ಕೂತಿತು. ಪೋಣಿಸಿದ ಮೇಲೇ ನಮಗೆ ತಪ್ಪು ಗೊತ್ತಾದದ್ದು. ಕೋಶದಲ್ಲೂ ಹೀಗೇ. ಪ್ರೋಟೀನ್ ಪೋಣಿಸುವ ಯಂತ್ರವಾದ ರೈಬೋಸೋಮ್ ನೋಡುವುದು ಚೀಟಿಯ ಅಕ್ಷರ ಕಾಳಿಗೆ ಹೊಂದುತ್ತಾ ಅಂತ ಮಾತ್ರ. ಅದರ ಮೇಲೆ ಯಾವ ಗುಂಡಿ ಇದೆ ಅಂತ ತಿರುಗಿ ಓದುವುದಿಲ್ಲ. ಸರಿಯಾದ ಚೀಟಿಗೆ ಸರಿಯಾದ ಗುಂಡಿ ಚುಚ್ಚುವ ಕಿಣ್ವಗಳು ಬೇರೆ ಇವೆ, ಒಂದೊಂದು ಅಮೈನೋ ಆಮ್ಲಕ್ಕೆ ಒಂದೊಂದು. ಜೀನಿನ ಭಾಷೆ ನಿಜವಾಗಿ ಬಲ್ಲವರು ಯಾರು ಅಂದರೆ ಅವೇ. ಪುಸ್ತಕಗಳು ರೈಬೋಸೋಮಿಗೆ ಪುಟಗಟ್ಟಲೆ ಕೊಟ್ಟು ಇವನ್ನು ಎರಡು ಸಾಲಿನಲ್ಲಿ ಮುಗಿಸುತ್ತವೆ. ನನಗಂತೂ ಅದು ಅನ್ಯಾಯ ಅನ್ನಿಸುತ್ತೆ.

ಮೂರು ಬೆರಳಿನಿಂದ ಓದಿ

ಡಿಎನ್‌ಎಯ ಎರಡೂ ಸಾಲನ್ನು ಚಾದರದ ಆಚೆಗೆ ಸರಿಸಿ. ನಡುವಿನ ಆರ್‌ಎನ್‌ಎ ಸಾಲು ಮಾತ್ರ ಉಳಿಯಲಿ.

ವಿಭೂತಿ ಹಚ್ಚಿಕೊಳ್ಳುವಾಗ ಮೂರು ಬೆರಳು ಜೋಡಿಸುತ್ತೇವಲ್ಲ, ಹಾಗೇ ಜೋಡಿಸಿ. ಅದು ನಿಮ್ಮ ರೈಬೋಸೋಮ್. ಎಡದಿಂದ ಹುಡುಕುತ್ತಾ ಬಂದು ಮೊದಲ ಅಉಜ ಸಿಕ್ಕಲ್ಲಿ ಮೂರು ಬೆರಳು ಇಡಿ. ನಮ್ಮ ಸಾಲಿನಲ್ಲಿ ಅದು ಶುರುವಿನಲ್ಲೇ ಇದೆ. ನಿಜವಾದ ಆರ್‌ಎನ್‌ಎಯಲ್ಲಿ ಅದಕ್ಕೂ ಮುಂಚೆ ಸುಮಾರು ಅಕ್ಷರಗಳಿರುತ್ತವೆ, ಅವು ಪ್ರೋಟೀನ್ ಆಗುವುದಿಲ್ಲ.

ಹೊಂದುವ ಚೀಟಿ ಹುಡುಕಿ ಬೆರಳಿನ ಮೇಲಿಡಿ, ಗುಂಡಿ ಬಿಚ್ಚಿ ದಾರಕ್ಕೆ ಪೋಣಿಸಿ, ಖಾಲಿ ಚೀಟಿ ಪಕ್ಕಕ್ಕೆ ಹಾಕಿ. ಬೆರಳನ್ನು ಮೂರು ಕಾಳು ಮುಂದೆ ಸರಿಸಿ. ಎರಡಲ್ಲ, ನಾಲ್ಕಲ್ಲ, ಮೂರೇ. ಮತ್ತೆ ಚೀಟಿ, ಮತ್ತೆ ಗುಂಡಿ. ಇಷ್ಟೇ ಕೆಲಸ. ನಮ್ಮ ಕೋಶದ ರೈಬೋಸೋಮ್ ಸೆಕೆಂಡಿಗೆ ಸುಮಾರು ಐದು ಗುಂಡಿ ಪೋಣಿಸುತ್ತೆ. ನಮಗೆ ಹತ್ತು ಪೋಣಿಸಲು ಕಾಲು ಗಂಟೆ ಹಿಡಿಯಿತು. ಈ ಯಂತ್ರದ ಒಳಗಿನ ಆಕಾರ ಬಿಡಿಸಿ ತೋರಿಸಿದ್ದಕ್ಕೆ ತಮಿಳುನಾಡಿನ ಚಿದಂಬರಂನಲ್ಲಿ ಹುಟ್ಟಿದ ವೆಂಕಿ ರಾಮಕೃಷ್ಣನ್ ಅವರಿಗೆ, ಇನ್ನಿಬ್ಬರ ಜೊತೆ, 2009ರ ನೊಬೆಲ್ ಬಂತು.

ನಾನು ಮೂರನೇ ಕೋಡಾನಿಗೆ ಸರಿದಾಗ ಹುಡುಗಿ ತನ್ನ ಮೂರು ಬೆರಳನ್ನು ಅಉಜ ಮೇಲಿಟ್ಟು ಬೇರೆ ದಾರ ಹಿಡಿದಳು. ಒಂದೇ ಸಾಲು, ಎರಡು ಸರ. ಯಾರೂ ಹೇಳಿಕೊಡದೆ ಮಾಡಿದಳು, ಕೋಶದಲ್ಲೂ ಹೀಗೇ ಆಗುತ್ತೆ: ಒಂದೇ ಆರ್‌ಎನ್‌ಎ ಮೇಲೆ ಸಾಲಾಗಿ ಎಷ್ಟೋ ರೈಬೋಸೋಮ್‌ಗಳು ಓಡುತ್ತವೆ.

ಪೂರ್ತಿ ಬೀಟಾ ಸರಪಳಿಗೆ 147 ಕೋಡಾನ್, ಆಮೇಲೆ ಒಂದು ಸ್ಟಾಪ್. ಒಟ್ಟು 444 ಕಾಳು. ಮೊದಲಿನ ಮೆಥಿಯೋನೀನನ್ನು ಕತ್ತರಿಸಿ ಹಾಕುವುದರಿಂದ ಕೊನೆಗೆ ಉಳಿಯುವ ಅಮೈನೋ ಆಮ್ಲ 146. ಸ್ಟಾಪ್ ಹೇಳುವ ಮಾತುಗಳು ಮೂರು: ಉಅಅ, ಉಅಜ, ಉಜಅ. ಇವಕ್ಕೆ ಚೀಟಿ ಇಲ್ಲ, ಆ ಜಾಗಕ್ಕೆ ಬೇರೊಂದು ಪ್ರೋಟೀನ್ ಬಂದು ಕೂತು ಸರ ಕಳಚುತ್ತೆ. ಬಾಯಿಪಾಠ ಮಾಡಲೇಬೇಕು ಅಂದರೆ ಈ ಮೂರು ಮತ್ತು ಅಉಜ, ನಾಲ್ಕನ್ನು ಮಾಡಿ.

ಈಗ ಕೆಡಿಸಿ ನೋಡಿ

ಮೊದಲ ಸಲ ನಾವು ಬೇಕಂತ ಕೆಡಿಸಲಿಲ್ಲ. ಕರೆಂಟ್ ಹೋಗಿತ್ತು. ಸೆಖೆಗೆ ಬೆವರು ಒರೆಸಿಕೊಳ್ಳುತ್ತಾ ಸಾಲು ಹಾಸಿ ಮುಗಿಸಿದ್ದೆವು. ಕರೆಂಟ್ ಬಂತು, ಫ್ಯಾನ್ ತಿರುಗಿತು, ಪೇಪರಿನ ಅಂಚು ಎದ್ದಿತು. ಏಳನೇ ಜಾಗದ ಸಜ್ಜೆ ಕಾಳು ಉರುಳಿ ಮಂಚದ ಕೆಳಗೆ ಹೋಯಿತು. ನಾವು ನೋಡಲಿಲ್ಲ. ಜಾಗ ಖಾಲಿ ಕಂಡಿದ್ದಕ್ಕೆ ಹುಡುಗಿ ಕಾಳುಗಳನ್ನು ಒತ್ತಿ ಕೂಡಿಸಿ, ಓದತೊಡಗಿದಳು. ಅಉಜ, ಜಉಜ, ಅಉಸ, ಉಜಅ.

"ಮಾಮಾ, ನಾಕನೇದಕ್ಕೇ ಸ್ಟಾಪ್ ಬಂತಲ್ಲ!"

ನೀವೂ ಏಳನೇ ಕಾಳು ತೆಗೆದು, ಉಳಿದವನ್ನು ಎಡಕ್ಕೆ ಒತ್ತಿ ನೋಡಿ. ಹಿಸ್ಟಿಡೀನ್ ಜಾಗಕ್ಕೆ ಐಸೋಲ್ಯೂಸೀನ್ ಬರುತ್ತೆ, ಮುಂದಿನದೇ ಸ್ಟಾಪ್. 147 ಗುಂಡಿಯ ಸರ ಮೂರಕ್ಕೆ ಮುಗಿಯುತ್ತೆ. ಹೋದದ್ದು ಒಂದು ಸಜ್ಜೆ ಕಾಳು. ಬಿಡುವಿಲ್ಲದ ಸಾಲಿನಲ್ಲಿ ಎಣಿಕೆ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತಾ ಹೋಗುತ್ತೆ ಅಂತ ನಾನು ಅರ್ಧ ಗಂಟೆ ಹೇಳಿದ್ದರೂ ಅವಳಿಗೆ ಇಷ್ಟು ತಿಳಿಯುತ್ತಿರಲಿಲ್ಲ.

ಇಂಥದ್ದು ಆಟದಲ್ಲಿ ಮಾತ್ರ ಆಗುವುದಲ್ಲ. ಸಾಲನ್ನು ಸರಿಮಾಡಿ, 27ನೇ ಕಾಳಿನ ಪಕ್ಕ, ಅಂದರೆ ಅಅಜ ಆದ ಮೇಲೆ, ಒಂದು ಜೋಳ ಜಾಸ್ತಿ ಸೇರಿಸಿ. ಆಮೇಲಿನ ಎಣಿಕೆ ಪೂರ್ತಿ ಜಾರುತ್ತೆ. ಭಾರತದಲ್ಲಿ ಬೀಟಾ ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆಗೆ ಸಾಮಾನ್ಯವಾಗಿ ಕಂಡುಬರುವ ಕಾರಣಗಳಲ್ಲಿ ಇದೂ ಒಂದು. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದ ಮಗುವಿಗೆ ಮತ್ತೆ ಮತ್ತೆ ರಕ್ತ ಹಾಕಿಸಬೇಕಾಗುತ್ತದೆ.

ಕಾಳು ಕಳೆಯದೆ, ಸೇರಿಸದೆ, ಬರೀ ಬದಲಿಸಿದರೆ? 21ನೇ ಜಾಗದ ಜೋಳ ತೆಗೆದು ಅಲಸಂದಿ ಇಡಿ. ಜಅಜ ಹೋಗಿ ಜಅಅ ಆಯಿತು. ಪಟ್ಟಿ ನೋಡಿ: ಎರಡೂ ಗ್ಲುಟಾಮಿಕ್ ಆಮ್ಲವೇ. ಸರದಲ್ಲಿ ಏನೂ ಬದಲಾಗಲಿಲ್ಲ. 61 ಮಾತು, 20 ಆಮ್ಲ ಅಂದಮೇಲೆ ಇಂಥ ಸಡಿಲ ಇದ್ದೇ ಇರುತ್ತೆ.

ಅದನ್ನು ಮೊದಲಿನಂತೆ ಮಾಡಿ, ಪಕ್ಕದ 20ನೇ ಅಲಸಂದಿ ತೆಗೆದು ಉದ್ದು ಇಡಿ. ಜಅಜ ಈಗ ಜಉಜ, ವ್ಯಾಲೀನ್. ಇದೇ ಕುಡಗೋಲು ಕಣ ರೋಗ, ಆಸ್ಪತ್ರೆಯವರ ಮಾತಿನಲ್ಲಿ ಸಿಕಲ್ ಸೆಲ್. ಮೆಥಿಯೋನೀನ್ ಕಳೆದು ಎಣಿಸಿದರೆ ಆರನೇ ಗುಂಡಿ ಇದು. ಒಂದು ಗುಂಡಿಯ ವ್ಯತ್ಯಾಸ ಅಂತ 1957ರಲ್ಲಿ ತೋರಿಸಿದವರು ವರ್ನನ್ ಇಂಗ್ರಾಮ್. ಗ್ಲುಟಾಮಿಕ್ ಆಮ್ಲ ನೀರಿನ ಜೊತೆ ಹೊಂದಿಕೊಂಡಿರುತ್ತೆ, ವ್ಯಾಲೀನಿಗೆ ನೀರು ಆಗಿಬರುವುದಿಲ್ಲ. ಹಿಮೋಗ್ಲೋಬಿನ್ ಆಮ್ಲಜನಕ ಬಿಟ್ಟುಕೊಟ್ಟ ಮೇಲೆ ಈ ವ್ಯಾಲೀನ್ ಪಕ್ಕದ ಹಿಮೋಗ್ಲೋಬಿನ್‌ನ ಒಂದು ತಗ್ಗಿಗೆ ಹೋಗಿ ಅಂಟಿಕೊಳ್ಳುತ್ತೆ. ಅದಕ್ಕೆ ಇನ್ನೊಂದು, ಅದಕ್ಕೆ ಮತ್ತೊಂದು. ಉದ್ದುದ್ದ ಎಳೆಗಳಾಗಿ, ದುಂಡಗಿದ್ದ ರಕ್ತಕಣವನ್ನು ಒಳಗಿಂದಲೇ ತಳ್ಳಿ ಕುಡಗೋಲಿನ ಹಾಗೆ ಬಾಗಿಸುತ್ತವೆ. ಸಣ್ಣ ರಕ್ತನಾಳದಲ್ಲಿ ಅದು ಸಿಕ್ಕಿಹಾಕಿಕೊಂಡರೆ ಆಗುವ ನೋವು ಸಣ್ಣದಲ್ಲ.

ಊಟದ ಹೊತ್ತಿಗೆ

ಗುಂಡಿಗಳು ಬರುವುದು ಎಲ್ಲಿಂದ ಅಂತ ಹುಡುಗಿ ಕೇಳಿದ್ದು ರೊಟ್ಟಿ ಮುರಿಯುವಾಗ. ನಮ್ಮ ಸರದ ಒಂಬತ್ತು ಬಗೆಯಲ್ಲಿ ಪ್ರೋಲೀನ್, ಗ್ಲುಟಾಮಿಕ್ ಆಮ್ಲ, ಸೀರೀನ್ ಮೂರನ್ನು ದೇಹ ತಾನೇ ಮಾಡಿಕೊಳ್ಳುತ್ತೆ. ಉಳಿದ ಆರು ಊಟದಲ್ಲೇ ಬರಬೇಕು. ಜೋಳದಲ್ಲಿ ಲೈಸೀನ್ ಕಡಿಮೆ, ತೊಗರಿಬೇಳೆಯಲ್ಲಿ ಜಾಸ್ತಿ. ತೊಗರಿಯಲ್ಲಿ ಮೆಥಿಯೋನೀನ್ ಕಡಿಮೆ, ಆ ಕೊರತೆಯನ್ನು ಜೋಳ ಸ್ವಲ್ಪ ತುಂಬುತ್ತೆ. ಒಂದು ಗುಂಡಿ ಇಲ್ಲ ಅಂತ ರೈಬೋಸೋಮ್ ಬೇರೆ ಬಣ್ಣದ್ದು ಹಾಕಿ ಮುಂದೆ ಹೋಗುವುದಿಲ್ಲ. ರೊಟ್ಟಿಯ ಜೊತೆ ಬ್ಯಾಳಿ ಇರಲೇಬೇಕು ಅನ್ನುವ ಅವ್ವನಿಗೆ ಈ ಲೆಕ್ಕ ಹೇಳಿದೆ. "ಅದಕ್ಕ ಇಷ್ಟು ಕಾಳು ಚೆಲ್ಲಬೇಕಿತ್ತೇನೊ" ಅಂದಳು.

ಬೇಳೆಯ ಪ್ರೋಟೀನ್ ಕೂಡ ತೊಗರಿ ಗಿಡದ ಜೀನಿನಿಂದ ಬಂದದ್ದೇ. ಅದಕ್ಕೆ 11 ಜೊತೆ ಕ್ರೋಮೋಸೋಮ್, ನಮಗೆ 23. ಆದರೂ ಪಟ್ಟಿ ಇಬ್ಬರದೂ ಒಂದೇ. ತೊಗರಿಯಲ್ಲೂ ಅಉಜ ಅಂದರೆ ಮೆಥಿಯೋನೀನೇ. ನಾವು ಅದರ ಸರ ಬಿಚ್ಚಿ ಗುಂಡಿ ತೆಗೆದುಕೊಂಡು, ನಮ್ಮ ಸರ ಪೋಣಿಸಿಕೊಳ್ಳುತ್ತೇವೆ.

ನಿಮಗೊಂದು ಸಾಲು

ಕಾಳು ಎತ್ತಿಡುವ ಮೊದಲು ಈ ಆರ್‌ಎನ್‌ಎ ಸಾಲು ಹಾಸಿ ಓದಿ. ಬಿಡುವು ಕೊಟ್ಟಿಲ್ಲ.

ಸಸಅಉಜಅಅಜಉಅಉಸಅಸಉಅಅಜ

ಉಅಉ ಟೈರೋಸೀನ್, ಸಅಸ ಹಿಸ್ಟಿಡೀನ್. ಉಳಿದದ್ದು ನಿಮ್ಮ ಹತ್ತಿರ ಇದೆ. ಮೆಥಿಯೋನೀನ್, ಲೈಸೀನ್, ಟೈರೋಸೀನ್, ಹಿಸ್ಟಿಡೀನ್, ಆಮೇಲೆ ಸ್ಟಾಪ್ ಬಂದರೆ ಸರಿ. ಒಂದೇ ಗುಂಡಿ, ಅದೂ ಪ್ರೋಲೀನ್, ಆಮೇಲೆ ಸ್ಟಾಪ್ ಅಂತ ಬಂದಿದ್ದರೆ ಅಉಜ ಹುಡುಕದೆ ಮೊದಲ ಕಾಳಿನ ಮೇಲೇ ಬೆರಳು ಇಟ್ಟಿದ್ದೀರಿ.